ಹಾರ ಬೇಡ, ಹಗ್ಗ ಹಿಡೀರಿ

ಕೇಳುಗರಿಗೆಲ್ಲ ನಮಸ್ಕಾರ. ಭಾನುವಾರ ಬೆಳಿಗ್ಗೆ ಮಕ್ಕಳನ್ನ ಫುಟ್‌ಬಾಲ್‌ಗೆ ಕರ್ಕೊಂಡು ಬಂದು, ಮೈದಾನದ ಪಕ್ಕ ಸ್ಕೂಟರ್ ನಿಲ್ಲಿಸಿ ಮೊಬೈಲ್ ನೋಡ್ತಾ ಕೂತಿರ್ತೀರಲ್ಲ, ಇವತ್ತು ನನ್ನ ಮಾತು ನಿಮ್ಮ ಹತ್ರಾನೇ. ನಾನು ರೆಫ್ರಿ. ನಮ್ಮಪ್ಪ ಆಟಗಾರರಲ್ಲ, ಕೋಚೂ ಅಲ್ಲ, ಬೆಂಗಳೂರಿನ ಒಂದು ಫ್ಯಾಕ್ಟರೀಲಿ ಫಿಟ್ಟರ್ ಆಗಿದ್ರು, ಆದ್ರೆ ಮೈಯಲ್ಲಿ ಶಕ್ತಿ ಇರೋವರ್ಗೂ ನಮ್ಮ ಏರಿಯಾ ಮೈದಾನಕ್ಕೆ ಗೆರೆ ಹಾಕಿದ್ದು ಅವರೇ, ಒಂದು ಪೈಸೆ ಮುಟ್ಟದೆ. ಅಂಥವರಿಗೆ ಹೇಗೆ ಸನ್ಮಾನ ಮಾಡೋದು ಅಂತ ಕೇಳ್ತಾರೆ. ಹಾರ ಬೇಡ, ಹಗ್ಗ ಹಿಡೀರಿ.

ಹಗ್ಗ ಯಾಕೆ ಅಂದ್ರೆ, ಮೂಲೇಲಿ ಗೂಟ ಹೊಡೆದು ಒಂದು ಕಡೆ 3 ಮೀಟರ್, ಇನ್ನೊಂದು ಕಡೆ 4 ಮೀಟರ್ ಅಳೀಬೇಕು, ಆ ಎರಡು ತುದಿ ಮಧ್ಯೆ ಸರಿಯಾಗಿ 5 ಮೀಟರ್ ಬಂದ್ರೆ ಮೂಲೆ ಮಟ್ಟ, ಅಂದ್ರೆ ಸರಿಯಾಗಿ 90 ಡಿಗ್ರಿ, ಅಂತ ಲೆಕ್ಕ. ಆಮೇಲೆ ಮೈದಾನದ ನಡುವಿನ ವೃತ್ತಕ್ಕೆ ಮಧ್ಯದ ಗೂಟಕ್ಕೆ 9.15 ಮೀಟರ್ ಹಗ್ಗ ಕಟ್ಟಿ ಸುತ್ತು ಬರೋದು, ಕೈಲಿ ಪುಡಿ ಉದುರಿಸೋಕೆ ತಳ ತೂತು ಮಾಡಿದ ಹಾಲಿನಪುಡಿ ಡಬ್ಬ. ಗೆರೆ 12 ಸೆಂಟಿಮೀಟರ್‌ಗಿಂತ ದಪ್ಪ ಆಗ್ಬಾರ್ದು. ಇದು ಒಬ್ಬರ ಕೈಲಿ ಆಗಲ್ಲ, ಹಗ್ಗದ ಇನ್ನೊಂದು ತುದಿಗೆ ಜನ ಬೇಕೇಬೇಕು!

ಒಂದು ಟೂರ್ನಮೆಂಟ್ ದಿನ ನಡೆದಿದ್ದು ಹೇಳ್ತೀನಿ. ರಾತ್ರಿ ಮಳೆ ಬಂದು ನೆಲ ಎಲ್ಲ ಒದ್ದೆ, ಸಂಘಟಕರು ಒಂದು ಮೂಟೆ ಸುಣ್ಣ ತಂದು ಹಾಕಿದ್ರು, ಮನೆಗೆ ಬಳಿಯೋ ಸುಣ್ಣ. ಅಪ್ಪ ಮುಟ್ಟಲಿಲ್ಲ. ಹುಡುಗ್ರು ಗೆರೆ ಮೇಲೆ ಜಾರಿ ಬೀಳ್ತಾರೆ, ಒದ್ದೆ ಸುಣ್ಣ ಮಂಡಿ ಸುಡುತ್ತೆ, ಕಣ್ಣಿಗೆ ಹಾರಿದ್ರೆ ಯಾರ್ ಜವಾಬ್ದಾರಿ ಅಂತ ಹೇಳಿ ಸೈಕಲ್ ಹತ್ತಿ ಚಾಕ್ ಪೌಡರ್ ಹುಡುಕ್ಕೊಂಡು ಹೊರಟೇಬಿಟ್ರು. ಇಲ್ಲಿ ಮೈಕಲ್ಲಿ ಅನೌನ್ಸ್‌ಮೆಂಟ್, ಚೀಫ್ ಗೆಸ್ಟ್ ಕಾರ್ ಬಂತು, ಸಂಘಟಕರು ಕೂಗಾಡ್ತಿದ್ದಾರೆ, ಅಪ್ಪ ಕ್ಯಾರಿಯರ್‌ಗೆ ಚೀಲ ಕಟ್ಕೊಂಡು ಬಂದು ಯಾರ ಮುಖಾನೂ ನೋಡ್ದೆ ಪೆನಾಲ್ಟಿ ಬಾಕ್ಸ್ ಎಳೆಯೋಕೆ ಕೂತ್ರು. ಮ್ಯಾಚ್ ಲೇಟಾಯ್ತು. ಆದ್ರೆ ಒಬ್ಬ ಹುಡುಗನ ಚರ್ಮಾನೂ ಸುಡ್ಲಿಲ್ಲ. ಸಾಯಂಕಾಲ ಪ್ರೈಜ್ ಕೊಡುವಾಗ ಚೀಫ್ ಗೆಸ್ಟ್‌ಗೂ ಶಾಲು, ಮೈಕ್ ಸೆಟ್‌ನವರಿಗೂ ಶಾಲು, ನಮ್ಮಪ್ಪನ ಹೆಸರು ಯಾರ ಬಾಯಲ್ಲೂ ಬರ್ಲಿಲ್ಲ, ನನಗೆ ಇವತ್ತಿಗೂ ಸಿಟ್ಟಿದೆ.

ವರ್ಷಗಳಾದ ಮೇಲೆ ಅಪ್ಪನ್ನ ಕರೆದು ಪೇಟ ತೊಡಿಸಿದ್ರು, ಹಣ್ಣಿನ ಬುಟ್ಟಿ ಕೊಟ್ರು, ಸಂತೋಷ. ಮುಂದಿನ ಭಾನುವಾರ ಹಗ್ಗ ಹಿಡಿಯೋಕೆ ಅದೇ ಮುದುಕರು, ಮಂಡಿ ನೋವು ಬೇರೆ.

ಟೈಮ್ ಆಗ್ತಿದೆ ಅಂತ ಸನ್ನೆ ಮಾಡ್ತಿದ್ದಾರೆ, ಬೇಗ ಹೇಳಿಬಿಡ್ತೀನಿ. 1937ರಲ್ಲಿ ಬೆಂಗಳೂರ್ ಮುಸ್ಲಿಮ್ಸ್ ತಂಡ ಮುಂಬೈನ ಹಳೇ ಫುಟ್‌ಬಾಲ್ ಟೂರ್ನಿ ರೋವರ್ಸ್ ಕಪ್ ಗೆದ್ದಿದ್ದು, 2023ರಲ್ಲಿ ರಿಯಾದ್‌ನಲ್ಲಿ ನಮ್ಮ ಕರ್ನಾಟಕ ಮೇಘಾಲಯವನ್ನ 3-2ರಲ್ಲಿ ಸೋಲಿಸಿ 54 ವರ್ಷದ ಮೇಲೆ ರಾಜ್ಯಗಳ ನಡುವಿನ ಫುಟ್‌ಬಾಲ್ ಟೂರ್ನಿ ಸಂತೋಷ್ ಟ್ರೋಫಿ ತಂದಿದ್ದು, ಇದೆಲ್ಲ ದಾಖಲೆಯಲ್ಲಿದೆ. ಆ ಹುಡುಗ್ರು ಚಿಕ್ಕವರಿದ್ದಾಗ ಆಡಿದ ಮೈದಾನಕ್ಕೆ ಗೆರೆ ಹಾಕಿದವರ ಹೆಸರು ಎಲ್ಲಿದೆ? ಬೆಂಗಳೂರಿನ ಗೌತಮಪುರದಲ್ಲಿ ಬ್ರೆಜಿಲ್ ಆಟಗಾರ ಪೆಲೆಗೆ ಪ್ರತಿಮೆ ಇಟ್ಟಿದ್ದಾರೆ, ಫುಟ್‌ಬಾಲ್ ಮೇಲೆ ಅಷ್ಟು ಪ್ರೀತಿ ಇರೋ ಊರು ನಮ್ದು. ಜರ್ಸಿ ಒಗೆದು ಕೊಡೋ ಅಮ್ಮಂದಿರ ಬಗ್ಗೆ ಹೇಳ್ಬೇಕಿತ್ತು, ಅದಕ್ಕೆ ಇನ್ನೊಂದು ಸಲ ಕರೀರಿ. ಈ ಭಾನುವಾರ ಮಾತ್ರ ಮ್ಯಾಚ್‌ಗಿಂತ ಒಂದು ಗಂಟೆ ಮುಂಚೆ ಹೋಗಿ, ಡಬ್ಬ ಹಿಡ್ಕೊಂಡು ಓಡಾಡ್ತಿರೋ ಹಿರಿಯರು ಯಾರು ಅಂತ ನೋಡಿ, ‘ಕೊಡಿ ಅಂಕಲ್, ಆ ತುದಿ ನಾನು ಹಿಡೀತೀನಿ’ ಅನ್ನಿ. ನಮಸ್ಕಾರ.