ಹಳೇ ರೇಸ್ ಸೈಕಲ್ಲಿನ ಬಣ್ಣ ಕೆರೆಯಬೇಡಿ

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ಹಳೇ ರೇಸ್ ಸೈಕಲ್‌ಗಳ ಬಗ್ಗೆ ನಾಲ್ಕು ಮಾತು ಹೇಳಬೇಕು ಅಂತ ಬಂದಿದ್ದೇನೆ. ಉಕ್ಕಿನ ಸೈಕಲ್‌ಗಳು. ಇಂಗ್ಲೆಂಡಿನಲ್ಲಿ, ಊರೂರಿನ ಸಣ್ಣ ಅಂಗಡಿಗಳ ಹಿಂದಿನ ಕೋಣೆಯಲ್ಲಿ ಒಬ್ಬಿಬ್ಬರು ಕೂತು ಕೈಯಲ್ಲೇ ಮಾಡಿದ ಸೈಕಲ್‌ಗಳು. ನಾನು ಡರ್ಬಿ ಅನ್ನೋ ಊರಿನಲ್ಲಿ ಹನ್ನೊಂದು ವರ್ಷ ಎಂಜಿನಿಯರ್ ಆಗಿದ್ದೆ. ಈ ಹುಚ್ಚು ಹಿಡಿದದ್ದು ಅಲ್ಲೇ. ವಾಪಸ್ ಬಂದ ಮೇಲೆ ಮೈಸೂರಿನಲ್ಲಿ ಮನೆ ಹಿತ್ತಲಲ್ಲಿ ಒಂದು ಶೆಡ್ ಹಾಕಿಕೊಂಡಿದ್ದೇನೆ. ಇವತ್ತಿಗೂ ಅದೇ ಕೆಲಸ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮಿಕ್ಕಿದ್ದಕ್ಕೆ ಸಮಯ ಸಾಲದಿದ್ದರೂ ಇದು ಮಾತ್ರ ನಿಮ್ಮ ಕಿವಿಗೆ ಬಿದ್ದಿರಲಿ. ಹಳೇ ಸೈಕಲ್ ಸಿಕ್ಕರೆ ಬಣ್ಣ ಕೆರೆಯಬೇಡಿ. ತುಕ್ಕು ಕಂಡರೂ ಸರಿ, ಬಣ್ಣ ಮಾಸಿದ್ದರೂ ಸರಿ. ಕೆರೆಯಬೇಡಿ.

ನಮ್ಮಲ್ಲಿ ಏನಾಗುತ್ತದೆ? ಅಟ್ಟದ ಮೇಲಿಂದ ತಾತನ ಸೈಕಲ್ ಕೆಳಗೆ ಬರುತ್ತದೆ. ಎಲ್ಲರಿಗೂ ಖುಷಿ. ಆಯುಧಪೂಜೆಯೊಳಗೆ ಹೊಸದರ ಹಾಗೆ ಆಗಬೇಕು ಅಂತ ನೇರ ಪೇಂಟರ್ ಹತ್ತಿರ ಹೋಗುತ್ತದೆ. ಅವನು ಉಜ್ಜುಕಾಗದ ಹಾಕಿ ಉಜ್ಜಿ, ಫಳಫಳ ಅನ್ನೋ ಬಣ್ಣ ಹೊಡೆದು ಕೊಡುತ್ತಾನೆ. ಆಮೇಲೆ ಯಾರೋ ನನ್ನ ಹತ್ತಿರ ತಂದು, ಇದು ಯಾವ ಕಾಲದ್ದು ಹೇಳಿ ಸಾರ್ ಅನ್ನುತ್ತಾರೆ. ಏನು ಹೇಳಲಿ? ಹೇಳಬೇಕಾದದ್ದೆಲ್ಲ ಆ ಬಣ್ಣದ ಮೇಲೇ ಇತ್ತು. ಅದನ್ನು ಉಜ್ಜಿ ಚರಂಡಿಗೆ ಬಿಟ್ಟಾಗಿದೆ.

ಈಗ ಈ ಸೈಕಲ್‌ಗಳು ಹುಟ್ಟಿದ್ದು ಹೇಗೆ ಅಂತ ನೋಡೋಣ.

ಬರ್ಮಿಂಗ್‌ಹ್ಯಾಮ್ ಅಂದರೆ ದೂರದ ಊರು ಅನಿಸಬಹುದು. ಆದರೆ ನಮ್ಮ ಬೀದಿಯಲ್ಲಿ ಓಡಾಡಿದ ಬಿ.ಎಸ್.ಎ., ಹರ್ಕ್ಯುಲಿಸ್, ಫಿಲಿಪ್ಸ್ ಹೆಸರುಗಳೆಲ್ಲ ಆ ಸೀಮೆಯವೇ. ಬಿ.ಎಸ್.ಎ. ಅಂದರೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್. ಮೊದಲು ಬಂದೂಕು ಮಾಡುತ್ತಿದ್ದವರು. ಅದೇ ಊರಿನಲ್ಲಿ ರೆನಾಲ್ಡ್ಸ್ ಅಂತ ಒಂದು ಮನೆತನ. ಅವರದ್ದು ಮೊಳೆ ಮಾಡುವ ಕಸುಬು. 1897ರಲ್ಲಿ ಅವರು ಒಂದು ಕೊಳವೆಗೆ ಪೇಟೆಂಟ್ ಪಡೆದರು. ಹೊರಗಿನಿಂದ ನೋಡಿದರೆ ಉದ್ದಕ್ಕೂ ಒಂದೇ ಸಮ. ಒಳಗೆ ಮಾತ್ರ ಎರಡು ತುದಿ ದಪ್ಪ, ನಡು ತೆಳು. ಯಾಕೆ ಹೀಗೆ? ಕೊಳವೆಗೆ ಕೊಳವೆ ಬೆಸೆಯುವುದು ತುದಿಯಲ್ಲಿ. ಭಾರ ಬೀಳುವುದೂ ಅಲ್ಲೇ. ನಡುವೆ ಅಷ್ಟು ಕಬ್ಬಿಣ ಸುಮ್ನೆ ಯಾಕೆ ಹೊರಬೇಕು?

1935ರಲ್ಲಿ ಅವರೇ ಇನ್ನೊಂದು ಉಕ್ಕು ತಂದರು. ಮ್ಯಾಂಗನೀಸ್, ಮಾಲಿಬ್ಡಿನಮ್ ಸೇರಿದ ಉಕ್ಕು. ಅದರ ಹೆಸರು 531. ಐದು ಮೂರು ಒಂದು. ಸೈಕಲ್ ಹುಚ್ಚಿನವರಿಗೆ ಈ ಮೂರು ಅಂಕಿ ಕೇಳಿದರೆ ಮೈ ಜುಂ ಅನ್ನುತ್ತದೆ. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಎಂಜಿನ್ ಹಿಡಿದುಕೊಂಡಿದ್ದ ಚೌಕಟ್ಟಿಗೂ ಇದೇ ಕೊಳವೆ ಹಾಕಿದ್ದರು. ರೇಸ್ ಸೈಕಲ್ಲಿಗೆ ಹಾಕುವ 531 ಕೊಳವೆ ತುದಿಯಲ್ಲಿ ಸುಮಾರು 0.8 ಮಿಲಿಮೀಟರ್ ದಪ್ಪ. ನಡುವೆ 0.5. ಅರ್ಧ ಮಿಲಿಮೀಟರ್! ಈ ಅಂಕಿ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಊರೂರಿಗೂ ಒಬ್ಬ ಫ್ರೇಮ್ ಕಟ್ಟುವವನು ಇರುತ್ತಿದ್ದ. ನಮ್ಮಲ್ಲಿ ಟೈಲರ್ ಇದ್ದ ಹಾಗೆ. ಹೋಗಿ ಕಾಲಿನ ಅಳತೆ, ಕೈ ಅಳತೆ ಕೊಡುವುದು. ಅವನು ರೆನಾಲ್ಡ್ಸ್ ಕೊಳವೆ ತರಿಸುತ್ತಿದ್ದ. ಕೊಳವೆಗಳು ಸೇರುವ ಕಡೆ ತೊಡಿಸುವ ಉಕ್ಕಿನ ತೋಳುಗಳಿಗೆ ಲಗ್ ಅನ್ನುತ್ತಾರೆ. ಅವನ್ನು ಅರದಲ್ಲಿ ರಾವಿ, ಎಲೆಯ ಹಾಗೆ, ಬಾಣದ ಹಾಗೆ ತಿದ್ದಿ, ಹಿತ್ತಾಳೆ ಕರಗಿಸಿ ಬೆಸೆಯುತ್ತಿದ್ದ. ಡರ್ಬಿಯಲ್ಲಿ 1946ರಲ್ಲಿ ಶುರುವಾದ ಮರ್ಸಿಯನ್ ಇತ್ತು. ಗ್ಲಾಸ್ಗೋದಲ್ಲಿ ಫ್ಲೈಯಿಂಗ್ ಸ್ಕಾಟ್. ಯಾರ್ಕ್‌ಶೈರಿನ ಶಿಪ್ಲಿಯಲ್ಲಿ ಎಲ್ಲಿಸ್ ಬ್ರಿಗ್ಸ್. ಕೆನ್ ರಸೆಲ್ ಅನ್ನೋ ಹುಡುಗ 1952ರ ಟೂರ್ ಆಫ್ ಬ್ರಿಟನ್ ಗೆದ್ದದ್ದು ಈ ಎಲ್ಲಿಸ್ ಬ್ರಿಗ್ಸ್ ಸೈಕಲ್ ಹತ್ತಿ. ಲಂಡನ್ನಿನಲ್ಲಿ ಹೆಚಿನ್ಸ್ ಇತ್ತು. ಅವರ ಸೈಕಲ್ಲಿನ ಹಿಂದಿನ ಕೊಳವೆಗಳು ನೇರ ಇಲ್ಲ, ಹಾವಿನ ಹಾಗೆ ಬಳುಕಿವೆ. ಆಗಿನ ರೇಸಿನವರಲ್ಲಿ ಹೆಚ್ಚಿನವರು ಹವ್ಯಾಸಿಗಳು, ಕಂಪನಿಗೆ ಜಾಹೀರಾತು ಆಗುವ ಹಾಗಿರಲಿಲ್ಲ. ಪತ್ರಿಕೆಯಲ್ಲಿ ಫೋಟೋ ಬಂದರೆ ಸೈಕಲ್ ಮೇಲಿನ ಹೆಸರು ಅಳಿಸಿಬಿಡುತ್ತಿದ್ದರು. ಹೆಸರು ಅಳಿಸಬಹುದು, ಬಳುಕಿದ ಕೊಳವೆ ಅಳಿಸೋಕ್ಕಾಗುತ್ತಾ? ಅದಕ್ಕೇ ಹೀಗೆ ಮಾಡಿದರು ಅಂತ ಡರ್ಬಿಯ ಹಳಬರು ಹೇಳುತ್ತಿದ್ದರು.

ರೇಸೂ ವಿಚಿತ್ರ. ರಸ್ತೆಯಲ್ಲಿ ಗುಂಪಾಗಿ ಓಡಿಸುವುದಕ್ಕೆ ಸೈಕಲ್ ಸಂಘದವರೇ ನಿಷೇಧ ಹಾಕಿದ್ದರು. ಪೊಲೀಸರ ತಂಟೆ ಬೇಡ ಅಂತ. 1895ರಲ್ಲಿ ಬಿಡ್ಲೇಕ್ ಅನ್ನುವವರು ದಾರಿ ಹುಡುಕಿದರು. ಒಬ್ಬೊಬ್ಬರನ್ನೇ ಬಿಡುವುದು, ಗಡಿಯಾರ ನೋಡಿ ಗೆದ್ದವರು ಯಾರು ಅಂತ ಲೆಕ್ಕ ಹಾಕುವುದು. ಬೆಳಗಿನ ಜಾವ, ರಸ್ತೆಯಲ್ಲಿ ಯಾರೂ ಇಲ್ಲದ ಹೊತ್ತು. ಮೈಮೇಲೆ ಕಪ್ಪು ಬಟ್ಟೆ. ಯಾವ ರಸ್ತೆ ಅಂತ ಗೊತ್ತಾಗದ ಹಾಗೆ ಗುಟ್ಟಿನ ಅಕ್ಷರ, ಅಂಕಿ. ರಸ್ತೆಯಲ್ಲಿ ಗುಂಪು ರೇಸ್ ಮತ್ತೆ ನಡೆದದ್ದು 1942ರ ಜೂನ್ 7ರಂದು. ಪರ್ಸಿ ಸ್ಟಾಲರ್ಡ್ ಎಂಬವರು ಸಂಘದ ಮಾತು ಮೀರಿ ನಡೆಸಿದರು. ಸಂಘ ಅವರನ್ನು ಹೊರಗೆ ಹಾಕಿತು.

ಸರಿ. ಈಗ ನನ್ನ ಕಥೆ.

ಡರ್ಬಿಯಲ್ಲಿ ಒಂದು ಭಾನುವಾರ. ಚರ್ಚಿನ ಪಕ್ಕದ ಹಾಲಿನಲ್ಲಿ ಹಳೇ ಸೈಕಲ್ ಸಾಮಾನಿನ ಸಂತೆ. ಅಲ್ಲಿ 15 ಪೌಂಡಿಗೆ ಒಂದು ಫ್ರೇಮ್ ಕೊಂಡೆ. ಕಡುನೀಲಿ ಬಣ್ಣ, ಯಾರೋ ಮನೆಯ ಬಾಗಿಲಿಗೆ ಹೊಡೆಯುವ ಬ್ರಷ್ಷಿನಲ್ಲಿ ಹೊಡೆದದ್ದು. ಬ್ರಷ್ಷಿನ ಕೂದಲೂ ಬಣ್ಣದಲ್ಲೇ ಅಂಟಿತ್ತು. ಹೆಸರಿಲ್ಲ, ಗುರುತಿಲ್ಲ. ಎತ್ತಿದರೆ ಮಾತ್ರ ಹೂವಿನಷ್ಟು ಹಗುರ. ಮನೆಗೆ ತಂದವನೇ ಬಣ್ಣ ಕರಗಿಸುವ ರಸಾಯನ ತಂದು ಇಡೀ ಫ್ರೇಮಿಗೆ ಒಂದೇ ಸಲ ಬಳಿದೆ. ಅರ್ಧ ಗಂಟೆ ಬಿಟ್ಟು ಬಂದು ನೋಡುತ್ತೇನೆ. ನೀಲಿ ಹೋಗಿದೆ. ಅದರ ಕೆಳಗೆ ಇದ್ದ ಬೂದು ಹೋಗಿದೆ. ಅದರ ಕೆಳಗೆ ಬೀಟ್‌ರೂಟ್ ಬಣ್ಣ. ಲಗ್‌ಗಳ ಸುತ್ತ ಕೂದಲೆಳೆಯಷ್ಟು ಸಣ್ಣ ಚಿನ್ನದ ಗೆರೆ. ಕೆಳಗಿನ ಕೊಳವೆಯ ಮೇಲೆ ಚಿನ್ನದ ಅಕ್ಷರಗಳು. ಎಲ್ಲವೂ ಹಾಲಿನ ಕೆನೆಯ ಹಾಗೆ ಮುದುರಿಕೊಳ್ಳುತ್ತಿವೆ. ಮೂರು ಅಕ್ಷರ ಓದಿದೆ. ನಾಲ್ಕನೆಯದು ಕಣ್ಣೆದುರೇ ಜಾರಿ ಕೆಳಗೆ ಬಿತ್ತು. ಓಡಿ ಹೋಗಿ ನೀರು ಬಿಟ್ಟೆ. ನೀರಿಗೆ ಉಳಿದದ್ದೂ ಹೋಯಿತು.

ಬೀದಿಯ ಕೊನೆ ಮನೆಯಲ್ಲಿ ಒಬ್ಬ ಹಿರಿಯರಿದ್ದರು. ಹರೆಯದಲ್ಲಿ ಕ್ಲಬ್ಬಿನ ಪರವಾಗಿ ರೇಸ್ ಓಡಿಸಿದವರು. ಅವರನ್ನು ಕರೆತಂದು ತೋರಿಸಿದೆ. ಅವರು ಭೂತಗನ್ನಡಿ ಹಿಡಿದು ಸೀಟಿನ ಕೆಳಗಿನ ಸಂದಿ ನೋಡಿದರು. ಅಲ್ಲಿ ಉಗುರಿನಷ್ಟು ಬೀಟ್‌ರೂಟ್ ಬಣ್ಣ ಉಳಿದಿತ್ತು. ಲಗ್ಗಿನ ತುದಿಯನ್ನು ಬೆರಳಿನಲ್ಲಿ ಸವರಿದರು. ಇದನ್ನು ಕಟ್ಟಿದವನು ಪಕ್ಕದ ಊರಿನವನು, ಅವನು ಹೋಗಿ ಎಷ್ಟೋ ವರ್ಷವಾಯಿತು, ಅವನ ಕೈಯ ಗೆರೆ ಇರುವ ಸೈಕಲ್ ನಾನು ಇನ್ನೊಂದು ನೋಡಿಲ್ಲ ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರನೆಯ ವಾರ ಅವರೇ ಒಂದು ಸೈಕಲ್ ತಳ್ಳಿಕೊಂಡು ಬಂದರು. ಅವರದ್ದೇ ರೇಸ್ ಸೈಕಲ್. ಮಗಳು ಚಿಕ್ಕವಳಿದ್ದಾಗ ಹಸಿರು ಬೇಕು ಅಂದಳಂತೆ. ಇವರೇ ಮೇಲೆ ಹಸಿರು ಹೊಡೆದಿದ್ದರು. ಅಡಿಯಲ್ಲಿ ಹಳೇ ಬಣ್ಣ ಹಾಗೇ ಇದೆ, ಕೆರೆಯದೆ ಬಿಡಿಸು ನೋಡೋಣ ಅಂದರು.

ಇಲ್ಲಿ ಗಮನ ಕೊಡಿ. ಕಟ್ಟಿದವನು ಹೊಡೆಸಿದ ಮೊದಲ ಬಣ್ಣ ಒಲೆಯಲ್ಲಿ ಬೇಯಿಸಿದ್ದು. ಮಡಕೆ ಸುಟ್ಟ ಹಾಗೆ ಗಟ್ಟಿ. ಆಮೇಲೆ ಮನೆಯಲ್ಲಿ ಬ್ರಷ್ಷಿನಿಂದ ಹೊಡೆದದ್ದು ಮೆತ್ತಗೆ. ಮೆತ್ತಗಿನದನ್ನು ತೆಗೆದು ಗಟ್ಟಿಯದನ್ನು ಉಳಿಸಿಕೊಳ್ಳಬಹುದು. ಕಿವಿಗೆ ಹಾಕುವ ಹತ್ತಿಕಡ್ಡಿ ತಗೊಂಡೆ. ಅದಕ್ಕೆ ಒಂದು ತೊಟ್ಟು ರಸಾಯನ. ಮೊದಲು ಯಾರಿಗೂ ಕಾಣದ ಅಡಿಭಾಗದಲ್ಲಿ ಹಚ್ಚಿ ನೋಡಿದೆ. ಹತ್ತು ಎಣಿಸಿ ಒರೆಸಿಬಿಡುವುದು. ಮೇಲಿನ ಬಣ್ಣ ಮೆತ್ತಗಾದರೆ ಹಳೇ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ನಿಧಾನ ತಳ್ಳುವುದು. ಕೊನೆಗೆ ಕಾರಿಗೆ ಹಾಕುವ ಪಾಲಿಶ್ಶಿನಲ್ಲಿ ಬಟ್ಟೆಯಿಂದ ತಿಕ್ಕುವುದು. ಒಂದು ಸಂಜೆಗೆ ಅಂಗೈ ಅಗಲ, ಅಷ್ಟೇ. ಒಂದೂವರೆ ತಿಂಗಳು ಹಿಡಿಯಿತು.

ತಿಳಿನೀಲಿ ಬಣ್ಣ ಬಂತು. ಅದರ ಮೇಲೆ ಕೆಂಪು ಪಟ್ಟಿ. ಚಿನ್ನದ ಗೆರೆ. ಗೆರೆ ಎಳೆದವನ ಕೈ ಒಂದು ತಿರುವಿನಲ್ಲಿ ಸ್ವಲ್ಪ ನಡುಗಿದೆ, ಅದೂ ಕಾಣುತ್ತದೆ. ಸೀಟಿನ ಕೆಳಗಿನ ಕೊಳವೆಯಲ್ಲಿ ರೆನಾಲ್ಡ್ಸ್ 531 ಅನ್ನೋ ಅಂಟುಚಿತ್ರ. ಈ ಅಂಟುಚಿತ್ರ ಕಾಲಕಾಲಕ್ಕೆ ಬದಲಾಗಿದೆ, ಹಾಗಾಗಿ ಅದನ್ನು ನೋಡಿಯೇ ಸೈಕಲ್ ಯಾವ ಕಾಲದ್ದು ಅನ್ನಬಹುದು. ಆ ಹಿರಿಯರು ಬಂದರು. ಬಣ್ಣ ನೋಡಲಿಲ್ಲ. ನೇರ ಸೈಕಲ್ ತಿರುಗಿಸಿ, ಬಲಗಡೆ ಚೈನಿನ ಪಕ್ಕದ ಕೊಳವೆ ನೋಡಿದರು. ಅಲ್ಲಿ ಒಂದು ಆಳವಾದ ಗೀರು. ನಾನು ಅದನ್ನು ಹಾಗೇ ಬಿಟ್ಟಿದ್ದೆ. 1956, ಚೈನ್ ಕಳಚಿತು, ಅಂದರು. ಆಗ 25 ಮೈಲಿಯನ್ನು ಒಂದು ಗಂಟೆಯೊಳಗೆ ಮುಗಿಸಿದವನೇ ಗಂಡು. ಅವತ್ತು ಅವರು ಮುಗಿಸುತ್ತಿದ್ದರು. ಚೈನ್ ಹಾಕಿಕೊಂಡು ಮತ್ತೆ ಹೊರಟಾಗ ನಲವತ್ತು ಸೆಕೆಂಡ್ ಜಾಸ್ತಿ ಆಗಿತ್ತು. ಆಮೇಲೆ ಎಂದೂ ಆ ಗಂಟೆ ಒಡೆಯಲಿಲ್ಲ. ಆ ಗೀರಿನ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ಅರ್ಧ ಗಂಟೆ ಮಾತಾಡಿದರು.

ಅದನ್ನು ನಾನು ಕೆರೆದು ಬಣ್ಣ ಹೊಡೆದಿದ್ದರೆ ಆ ಅರ್ಧ ಗಂಟೆ ಎಲ್ಲಿ ಸಿಗುತ್ತಿತ್ತು, ಹೇಳಿ? ಬಣ್ಣ ಕೆರೆಯಬೇಡಿ.

ಸಮಯ ಓಡುತ್ತಿದೆ. ಬೇಗ ಬೇಗ ಹೇಳುತ್ತೇನೆ.

ಮರಳು ಊದಿಸಿ ಶುಚಿ ಮಾಡಿಸಬೇಡಿ. ಆಗಲೇ ಹೇಳಿದೆನಲ್ಲ, ಕೊಳವೆಯ ನಡು ಅರ್ಧ ಮಿಲಿಮೀಟರ್. ಮರಳು ಅದನ್ನೇ ತಿಂದುಹಾಕುತ್ತದೆ. ಗೇಟ್ ವೆಲ್ಡಿಂಗ್ ಮಾಡುವ ಅಂಗಡಿಗೂ ಒಯ್ಯಬೇಡಿ. ಆ ಬಿಸಿಗೆ 531ರ ಬಲ ಹೋಗುತ್ತದೆ. ಹಿತ್ತಾಳೆ ಬೆಸುಗೆ ಬಲ್ಲವರು ಬೇಕು. ಪೌಡರ್ ಕೋಟಿಂಗ್ ಮಾಡಿಸಲಾ ಸಾರ್ ಅಂತ ವಾರಕ್ಕೊಬ್ಬರು ಕೇಳುತ್ತಾರೆ. ಬೇಡ ಅಂತ ಹೇಳಿ ಹೇಳಿ ನನಗೂ ಸಾಕಾಗಿದೆ. ಅದು ದಪ್ಪ ಕೂತು ಅರದಲ್ಲಿ ರಾವಿದ ಲಗ್ಗಿನ ಅಂಚೆಲ್ಲ ಮುಚ್ಚಿಹೋಗುತ್ತದೆ.

ತುಕ್ಕಿಗೆ ಏನು ಮಾಡಬೇಕು? ಕ್ರೋಮ್ ಇರುವ ಕಡೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಉಂಡೆ ಮಾಡಿ, ನೀರಿನಲ್ಲಿ ಅದ್ದಿ ಉಜ್ಜಿ. ಬಣ್ಣದ ಮೇಲಿನ ಚುಕ್ಕಿ ತುಕ್ಕಿಗೆ ಎಣ್ಣೆ ಬಟ್ಟೆ ಸಾಕು. ಕೊಳವೆಯ ಒಳಗೆ ಅಗಸೆ ಎಣ್ಣೆ ಬಿಡಿ, ಪೇಂಟ್ ಅಂಗಡಿಯಲ್ಲಿ ಸಿಗುವ ಕುದಿಸಿದ ಎಣ್ಣೆ. ಫ್ರೇಮ್ ತಿರುಗಿಸಿ ತಿರುಗಿಸಿ ಎಲ್ಲ ಕಡೆ ಹರಿಸಿ, ಮಿಕ್ಕಿದ್ದು ಸುರಿದುಬಿಡಿ. ಅದು ಒಣಗಿ ಪೊರೆ ಕಟ್ಟುತ್ತದೆ.

ಸೀಟಿನ ಕಂಬ ಅಲ್ಯೂಮಿನಿಯಂ ಆಗಿದ್ದರೆ ಅದು ಉಕ್ಕಿನೊಳಗೆ ಕಚ್ಚಿಕೊಂಡಿರುತ್ತದೆ. ಸುತ್ತಿಗೆ ಎತ್ತಬೇಡಿ. ಎಣ್ಣೆ ಬಿಟ್ಟು ದಿನಗಟ್ಟಲೆ ಕಾಯಿರಿ. ಹೊರಗೆ ಬಂದ ಮೇಲೆ ಅಳೆಯಿರಿ. 27.2 ಮಿಲಿಮೀಟರ್ ಬಂದರೆ ನಿಮ್ಮ ಕೈಯಲ್ಲಿರುವುದು ತೆಳು ಕೊಳವೆಯ ಒಳ್ಳೇ ಫ್ರೇಮ್. ಹಿಂದಿನ ಚಕ್ರದ ನಡುವೆ ಸ್ಟರ್ಮಿ ಆರ್ಚರ್ ಕಂಪನಿಯ ಗೇರಿನ ಹಬ್ ಇದ್ದರೆ ಅದರ ಮೇಲೆ ಕೆತ್ತಿದ ಅಂಕಿ ನೋಡಿ. 58 ಅಂತ ಇದ್ದರೆ ಆ ಹಬ್ ಹುಟ್ಟಿದ್ದು 1958ರಲ್ಲಿ.

ವಿಜಯಪುರ, ಬಾಗಲಕೋಟೆ ಕಡೆಯ ಕೇಳುಗರೇ, ನಿಮಗೆ ಬೇರೆಯಾಗಿ ಹೇಳುತ್ತೇನೆ. ನಿಮ್ಮ ಜಿಲ್ಲೆಗಳಷ್ಟು ಸೈಕಲ್ ರೇಸಿನವರನ್ನು ಕೊಟ್ಟ ಜಿಲ್ಲೆ ನಮ್ಮ ರಾಜ್ಯದಲ್ಲಿ ಇನ್ನೊಂದಿಲ್ಲ. ನಿಮ್ಮ ಕಾಕಾ, ಮಾಮಾ ಓಡಿಸಿದ ಉಕ್ಕಿನ ರೇಸ್ ಸೈಕಲ್ ಮನೆ ಹಿಂದೆ ಬಿದ್ದಿದ್ದರೆ ಗುಜರಿಗೆ ಹಾಕಬೇಡಿ. ಯಾವ ದೇಶದ್ದಾದರೂ ಸರಿ, ಯಾವ ಕಂಪನಿಯದಾದರೂ ಸರಿ. ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ, ಬಿಸಿಲಿನಲ್ಲಿ ನಿಲ್ಲಿಸಿ, ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಕಾಕಾನ್ನ ಕೂರಿಸಿ ಪ್ರತಿ ಗೀರಿನ ಕಥೆ ಕೇಳಿ ಬರೆದಿಟ್ಟುಕೊಳ್ಳಿ. ಸ್ಪ್ಯಾನರ್ ಆಮೇಲೆ.

ಸ್ಪ್ಯಾನರ್ ಹಿಡಿದಾಗ ಒಂದು ಎಚ್ಚರ. ಇಂಗ್ಲಿಷ್ ಮಾದರಿಯ ಫ್ರೇಮಿನಲ್ಲಿ ಪೆಡಲ್ ಆಕ್ಸಲ್ಲನ್ನು ಎರಡು ಕಡೆಯಿಂದ ಹಿಡಿದಿರುವ ಬಟ್ಟಲು, ಅಂದರೆ ಕಪ್‌ಗಳು, ಒಂದೇ ಥರ ಬಿಚ್ಚುವುದಿಲ್ಲ. ಎಡಗಡೆಯದು ಮಾಮೂಲಿ. ಬಲಗಡೆ, ಅಂದರೆ ಚೈನ್ ಇರುವ ಕಡೆಯ ಕಪ್‌ನ ಮರೆ, ಅಂದರೆ ತಿರುಪಿನ ಸುತ್ತು, ಉಲ್ಟಾ. ಅದನ್ನು ಗಡಿಯಾರದ ಮುಳ್ಳು ಹೋಗುವ ಕಡೆಗೇ ತಿರುಗಿಸಿ ಬಿಚ್ಚಬೇಕು. ಗೊತ್ತಿಲ್ಲದೆ ಬಲ ಹಾಕಿದರೆ ಇನ್ನೂ ಬಿಗಿಯಾಗುತ್ತದೆ, ಕೊನೆಗೆ ಮರೆಯೇ ಹೋಗುತ್ತದೆ. ನಮಸ್ಕಾರ.