ದಿನಾ ಓಡಸ್ರಿ, ಇಲ್ಲಾ ಮಾರಿಬಿಡ್ರಿ

ನಮಸ್ಕಾರ್ರೀ. ನಿನ್ನೆ ನಮ್ಮ ಬೆಳಗಾವಿ ಟಿಳಕವಾಡಿ ಎರಡನೇ ರೈಲ್ವೆ ಗೇಟ್ ಬಿದ್ದಿತ್ತು, ನಾನು ನನ್ನ ಹಳೇ ಕಾರಿನಾಗ ಕುಂತಿದ್ದೆ. ನನ್ನ ಎಡಕ್ಕ ಒಂದು ಶಾಲೆ ಬಸ್ಸು, ಅದರ ಗಾಲಿ ಸೀದಾ ನನ್ನ ಕಿವಿ ಮಟ್ಟಕ್ಕ. ಬಲಕ್ಕ ಸ್ಕೂಟರ್ ಮ್ಯಾಲ ಒಬ್ರು ಅಜ್ಜಾರು. ಬಗ್ಗಿ ನೋಡಿ ಕೇಳಿದ್ರು, "ತಮ್ಮಾ, ಇದಕ್ಕ ಮ್ಯಾಲಿಂದು ಯಾವಾಗ ಹಾಕಸ್ತಿ?"

ಹಾಕಸಂಗಿಲ್ರೀ ಅಜ್ಜಾ, ಇದು ಹುಟ್ಟಿದ್ದೇ ಹಿಂಗ. 1968ರ ಟ್ರಯಂಫ್ ಸ್ಪಿಟ್‌ಫೈರ್, ಇಂಗ್ಲೆಂಡಿನ ತೆರದ ಕಾರು, ಮಾರ್ಕ್ 3, 1296 ಸಿಸಿ. ನೆಲದಿಂದ ಬರೇ ನಾಲ್ಕಡಿ ಎತ್ತರ.

"ಇಂಥಾ ಗಾಡಿ ದಿನಾ ಊರಾಗ ಓಡಸ್ತಾರೇನು, ಕೆಡಸ್ತಿ ಅದನ್ನ" ಅಂತಾರಲ್ಲ, ಅವ್ರಿಗೆ ಇವತ್ತು ಹೇಳ್ತೀನಿ. ಹಳೇ ಗಾಡಿ ಓಡಿ ಕೆಡೂದು ಕಡಿಮಿ, ನಿಂತು ಕೆಡೂದು ಭಾಳ. ಆರು ತಿಂಗಳು ಶೆಡ್ಡಿನಾಗ ಬಿಟ್ಟು ನೋಡ್ರಿ. ಕಾರ್ಬೊರೇಟರ್‌ನಾಗ ಪೆಟ್ರೋಲ್ ಆರಿ ಅಂಟಾಗತೈತಿ, ಬ್ರೇಕ್ ಸಿಲಿಂಡರ್ ಹಿಡಕೋತೈತಿ. ನನ್ನ ಕೈಗೆ ಬಂದಾಗ ಸೀಟಿನ ಸ್ಪಂಜಿನಾಗ ಇಲಿ ಮರಿ ಹಾಕಿತ್ತು. ಐದು. ಎಣಿಸೀನಿ.

ಗೆಳ್ಯಾರದ್ದು ಇನ್ನೊಂದು ಹಠ: ವಿಂಟೇಜ್ ನಂಬರ್ ತಗೋ. 2021ರಾಗ ಕೇಂದ್ರದವ್ರು ನಿಯಮ ತಂದ್ರು. 50 ವರ್ಷ ದಾಟಿದ, ಮೂಲ ರೂಪದಾಗಿರೋ ಗಾಡಿಗೆ 'ವಿಎ' ಅಕ್ಷರದ ನಂಬರ್ ಪ್ಲೇಟ್, 20,000 ರೂಪಾಯಿ, 10 ವರ್ಷಕ್ಕ. ಛಲೋನೇ ಐತಿ. ಆದ್ರ ಆಮ್ಯಾಲ ಅದನ್ನ ಪ್ರದರ್ಶನಕ್ಕ, ರ‍್ಯಾಲಿಗೆ, ಪೆಟ್ರೋಲ್ ಹಾಕಸಾಕ, ರಿಪೇರಿಗೆ ಅಂತ ಹೊರಗ ತಗೀಬೇಕೇ ಹೊರತು ದಿನದ ಓಡಾಟಕ್ಕಲ್ಲ. ಅಂದ್ರ ಖಡೇಬಜಾರಕ್ಕ ಕುಂದಾ ತರಾಕ ಹೋಗಂಗಿಲ್ಲ! ನಂಗ ಬ್ಯಾಡ್ರಿ. ಹಳೇ ನೋಂದಣಿನೇ ರಿನ್ಯೂ ಮಾಡಸ್ಕೋತ ಹೊಂಟೀನಿ.

ಇನ್ನ ಗಲ್ಲಿ ವಿಷಯಾ. ಗಣಪತ್ ಗಲ್ಲಿಯಾಗ ಈಗಿನ ಸಣ್ಣ ಕಾರು ಮೂರು ಸಲ ಹಿಂದ-ಮುಂದ ಮಾಡೂ ಜಾಗಾದಾಗ ಇದು ಒಂದೇ ಏಟಿಗೆ ತಿರಗತೈತಿ. ಪೂರ್ತಿ ಸುತ್ತು ಹೊಡ್ಯಾಕ ಏಳೂಕಾಲು ಮೀಟರ್ ಸಾಕು. ಯಾಕಂದ್ರ ಮುಂದಿನ ಸಸ್ಪೆನ್ಷನ್, ಸ್ಟೀರಿಂಗ್ ಎಲ್ಲಾ ಹೆರಾಲ್ಡಿನ ಮನಿತನ. ಹೆರಾಲ್ಡ್ ಅಂದ್ರ, 1961ರಿಂದ ನಮ್ಮ ಮದ್ರಾಸಿನಾಗ ತಯಾರಾಗ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್, ನಿಮ್ಮ ಅಜ್ಜಾ-ಕಾಕಾರಿಗೆ ನೆನಪಿರತೈತಿ. ಹಿಂಗಾಗಿ ಗುಜರಿಯಾಗ ಹುಡಕಿದ್ರ ಒಂದೊಂದು ಸಾಮಾನು ಸಿಗತಾವ. ಸಿಗದಿದ್ರ ನಮ್ಮ ಕಾರ್ಖಾನಿ ಏರಿಯಾ ಉದ್ಯಮಬಾಗ. ಹಳೇ ಬುಶ್ ಲೇತಿನವರ ಮುಂದ ಇಟ್ಟು "ಇಂಥಾದ್ದೇ ಬೇಕ್ರಿ" ಅಂದ್ರ ಸಂಜಿಗೆ ಹೊಸಾದು ಕೈಯಾಗ. ಬೆಂಗಳೂರಿನವ್ರು ಇಂಗ್ಲೆಂಡಿನಿಂದ ಪಾರ್ಸೆಲ್ ಬರೂ ದಾರಿ ಕಾಯ್ಕೋತ ಕುಂತಿರ್ತಾರ, ಪಾಪ.

ಒಂದು ಎಚ್ಚರಿಕಿ. ಮುಂದಿನ ಗಾಲಿ ಹತ್ರ ಟ್ರನಿಯನ್ ಅಂತ ಹಿತ್ತಾಳಿ ತುಣುಕು ಐತಿ. ಅದಕ್ಕ ಗ್ರೀಸ್ ಅಲ್ಲ, ಗೇರ್ ಆಯಿಲ್ ಹಾಕಬೇಕು. ನಮ್ಮ ಮೊದಲಿನ ಮಿಸ್ತ್ರಿ ಪ್ರೀತಿಯಿಂದ ಗ್ರೀಸ್ ಗನ್ ಹೊಡದಿದ್ದ. ಒಣಗಿ, ಅದರಾಗ ಕುಂತ ಉಕ್ಕಿನ ಕಂಬಿ ತುಕ್ಕು ಹಿಡದು ಮುರದ್ರ ಗಾಲಿ ಮಡಚಿ ಮಲಗತೈತಿ. ಪುಣ್ಯಾಕ್ಕ ಇನ್ನೊಬ್ಬ ಮಿಸ್ತ್ರಿ ಕಣ್ಣಿಗೆ ಬಿತ್ತು. ಈ ಗಾಡಿದು ಬಾನೆಟ್ ಅಷ್ಟೇ ಅಲ್ಲ, ಇಡೀ ಮೂತಿನೇ ಮುಂದಕ್ಕ ಮಗಚತೈತಿ. ಆತ ಮುಂದಿನ ಟೈರ್ ಮ್ಯಾಲ ಕುಂತು ಚಹಾ ಕುಡಕೋತ ನೋಡಿ, ಹಿಡದು ಬಿಟ್ಟ.

ತ್ರಾಸ ಇಲ್ಲಂತಲ್ಲ. ಜೂನ್ ಬಂತಂದ್ರ ನಾನೂ ಬಾಯಿ ಮುಚ್ಕೋತೀನಿ. ಹುಡ್ ಅಂದ್ರ ಮಡಚೂ ಛತ್ತು ಏರಿಸಿದ್ರೂ ನೀರು ಮೊಣಕಾಲ ಮ್ಯಾಲ ತೊಟಕತೈತಿ, ಒಳಗ ರೇನ್‌ಕೋಟ್ ಹಾಕ್ಕೊಂಡು ಕುಂದರಬೇಕು. ರಾತ್ರಿ ಕಬ್ಬಿನ ಟ್ರ್ಯಾಕ್ಟರ್ ಹಿಂದ ಅಂತೂ ಹೋಗಬ್ಯಾಡ್ರಿ. ಹಿಂದ ದೀಪಿಲ್ಲ, ಹೊರಗ ಚಾಚಿದ ಕಬ್ಬು ನೇರ ಮುಖಕ್ಕ. ಆ ಕಬ್ಬಿನ ಸೇಡು ಅಷ್ಟಕ್ಕs ಮುಗಿಯಂಗಿಲ್ಲ. ಫ್ಯಾಕ್ಟರಿಗೆ ಹೋಗಿ ಎಥೆನಾಲ್ ಆಗಿ, ಇ20 ಪೆಟ್ರೋಲಿನಾಗ ನೂರಕ್ಕ 20 ಪಾಲು ಕೂಡಿ, ನನ್ನ ಟ್ಯಾಂಕಿಗೇ ಬಂದು ಹಳೇ ರಬ್ಬರ್ ಪೈಪ್ ತಿನ್ನತೈತಿ. ಪೈಪು, ಪಂಪಿನ ಪರದಾ ಎಲ್ಲಾ ಎಥೆನಾಲ್ ತಡಿಯುವಂಥಾದ್ದು ಹಾಕಸೀನಿ. ನೀವೂ ಮೊದಲ ಅದನ್ನ ಮಾಡಸ್ರಿ, ಬಣ್ಣ ಆಮ್ಯಾಲ. ಪೈಪ್ ಸೋರಿ ಪೆಟ್ರೋಲ್ ಕಾದ ಇಂಜಿನ್ ಮ್ಯಾಲ ಬಿದ್ರ ಬಣ್ಣ ಉಳಿಯೂದಿಲ್ಲ.

ಹಾಂ, ಗೇಟಿನ ಮಾತು ಅರ್ಧಕ್ಕ ಬಿಟ್ಟೆ. ಇದರ ಫ್ಯಾನ್ ಇಂಜಿನ್ ಬೆಲ್ಟಿನ ಮ್ಯಾಲ ತಿರಗೂದು. ನಿಂತಲ್ಲೇ ಇಂಜಿನ್ ನಿಧಾನಾದ್ರ ಫ್ಯಾನೂ ನಿಧಾನ, ಕಾವಿನ ಮುಳ್ಳು ಏರತೈತಿ. ಅದಕ್ಕ ಗೇಟ್ ಬಿದ್ದ ಕೂಡ್ಲೇ ಇಂಜಿನ್ ಬಂದ್ ಮಾಡ್ತೀನಿ. ನಿನ್ನೆ ರೈಲು ಹೋತು, ಗೇಟ್ ಎತ್ತಿತು, ಹಿಂದ ಎಲ್ಲಾರೂ ಹಾರ್ನ್ ಹೊಡ್ಯಾಕತ್ರು. ಅಜ್ಜಾರು ಮಾತ್ರ ಹೋಗಲೇ ಇಲ್ಲ, ಇದು ಚಾಲೂ ಆಗತೈತೋ ಇಲ್ಲೋ ನೋಡ್ಕೋತ ನಿಂತಿದ್ರು.

ಆತು. ಎರಡನೇ ಸಲಕ್ಕ.