ಎಸೆಕ್ಸ್‌ನ ಒಂದು ಹೊಲದ ಬೆನ್ನು ಹತ್ತಿ

[ಪರದೆ: ಹಳೆಯ ನಕ್ಷೆ. ಹೊಲದ ನಡುವೆ ಒಂದು ನಂಬರ್.]

ನಮಸ್ಕಾರ. ಇಂಗ್ಲೆಂಡಿನ ಎಸೆಕ್ಸ್ ಕೌಂಟಿಯ ಇತಿಹಾಸ ಹುಡುಕಲು ಹೊರಟರೆ ಮೊದಲು ಕಣ್ಣಿಗೆ ಬೀಳುವುದು 1086ರ ಡೂಮ್ಸ್‌ಡೇ ದಾಖಲೆ, ಅಂದರೆ ರಾಜ ಮಾಡಿಸಿದ ಜಮೀನಿನ ಸಮೀಕ್ಷೆ. ಸದ್ಯಕ್ಕೆ ಅದು ಬೇಡ. ಲ್ಯಾಟಿನ್‌ನಲ್ಲಿದೆ, ಮೊದಲ ದಿನವೇ ಸುಸ್ತಾಗುತ್ತದೆ. ಒಂದು ಹಳ್ಳಿ, ಅದರಲ್ಲಿ ಒಂದೇ ಒಂದು ಹೊಲ ಹಿಡಿಯಿರಿ, ಸಾಕು.

ಬೆಳೆದದ್ದರಲ್ಲಿ ಹತ್ತನೇ ಒಂದು ಪಾಲು ಚರ್ಚಿಗೆ. ಇದು ಅಲ್ಲಿನ ಹಳೇ ಪದ್ಧತಿ, ಹೆಸರು ಟೈದ್. 1836ರ ಕಾಯ್ದೆ ಆ ಪಾಲನ್ನು ಹಣದ ಲೆಕ್ಕಕ್ಕೆ ತಂದಿತು. ಅದಕ್ಕಾಗಿ ಹಳ್ಳಿ ಹಳ್ಳಿಗೆ ಟೈದ್ ನಕ್ಷೆ ಮಾಡಿದರು. ಎಸೆಕ್ಸ್‌ನವು ಚೆಲ್ಮ್ಸ್‌ಫರ್ಡ್‌ನ ರೆಕಾರ್ಡ್ ಆಫೀಸಿನಲ್ಲಿ ಸಿಗುತ್ತವೆ.

ನಕ್ಷೆಯ ನಂಬರ್ ಹಿಡಿದು ಜೊತೆಗಿರುವ ಪಟ್ಟಿ ನೋಡಿ. ಮಾಲೀಕ ಯಾರು, ಉಳುವವನು ಯಾರು, ಹೊಲದ ಹೆಸರೇನು, ಎಷ್ಟು ವಿಸ್ತೀರ್ಣ. ಥೇಟ್ ನಮ್ಮ ಪಹಣಿ ಅಲ್ವಾ! ಅಳತೆ ಮಾತ್ರ ಎಕರೆ, ರೂಡ್, ಪರ್ಚ್. ಹೆದರಬೇಡಿ: ಒಂದು ರೂಡ್ ಅಂದರೆ 10 ಗುಂಟೆ, ನಾಲ್ಕು ಪರ್ಚ್ ಸೇರಿದರೆ ಒಂದು ಗುಂಟೆ. 3 ಎಕರೆ 2 ರೂಡ್ ಅಂತಿದ್ದರೆ ನಮ್ಮ ಲೆಕ್ಕದಲ್ಲಿ ಮೂರೂವರೆ ಎಕರೆ.

[ಪರದೆ: ಜನಗಣತಿಯ ಹಾಳೆ]

ಉಳುವವನ ಹೆಸರು ಸಿಕ್ಕಿತು. ಈಗ 1841ರ ಜನಗಣತಿ. ಇಲ್ಲಿ ವಯಸ್ಸನ್ನು ನಂಬಬೇಡಿ. 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಬೇಕು ಅಂತ ಸೂಚನೆ ಇತ್ತು. ಹಾಗಾಗಿ 34ರವನೂ 30. 'ಆಗ್ ಲ್ಯಾಬ್' ಅಂತ ಕಂಡರೆ ಅದು ಪ್ರಯೋಗಾಲಯ ಅಲ್ಲ, ಅಗ್ರಿಕಲ್ಚರಲ್ ಲೇಬರರ್, ಅಂದರೆ ಹೊಲದ ಕೂಲಿಯಾಳು! ಹುಟ್ಟಿದ್ದು ಇದೇ ಕೌಂಟಿಯಲ್ಲಾ ಅಂದರೆ ಹೌದು, ಇಲ್ಲ, ಅಷ್ಟೇ. ಊರಿನ ಹೆಸರು ಬೇಕಿದ್ದರೆ 1851ರದ್ದನ್ನು ನೋಡಬೇಕು.

ಊರು ಗೊತ್ತಾದರೆ ಅಲ್ಲಿನ ಚರ್ಚಿನ ರಿಜಿಸ್ಟರ್ ತೆಗೆಯಿರಿ. ಈ ರಿಜಿಸ್ಟರ್‌ಗಳು ಶುರುವಾಗಿದ್ದು 1538ರಲ್ಲಿ. ಆದರೆ ಎಲ್ಲ ಊರಿನವೂ ಅಷ್ಟು ಹಿಂದಿನವರೆಗೆ ಉಳಿದಿಲ್ಲ.

ಅಜ್ಜ, ಮುತ್ತಜ್ಜ ಅಂತ ಹಿಂದೆ ಹೋದಂತೆ ಒಂದು ಕಡೆ ತಲೆ ಕೆಡುತ್ತದೆ. ಮದುವೆ ಏಪ್ರಿಲ್ 1720. ಮಗುವಿನ ದೀಕ್ಷಾಸ್ನಾನ ಫೆಬ್ರವರಿ 1720. ಅರೆ, ಮದುವೆಗೂ ಮೊದಲೇ ಮಗುವಾ? ಸುಮ್ನೆ ಆ ದಂಪತಿಯನ್ನು ಅನುಮಾನಿಸಬೇಡಿ. 1752ಕ್ಕೂ ಮೊದಲು ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಅಂದರೆ ಆ ಫೆಬ್ರವರಿ ಬಂದದ್ದು ಏಪ್ರಿಲ್ ಆದ ಹತ್ತು ತಿಂಗಳಿಗೆ. ಅವರ ಲೆಕ್ಕಕ್ಕೆ 1720, ನಮ್ಮ ಲೆಕ್ಕಕ್ಕೆ 1721; ನಿಮ್ಮ ನೋಟ್‌ಬುಕ್ಕಿನಲ್ಲಿ 1720/21 ಅಂತ ಬರೆದುಕೊಳ್ಳಿ. ಅಲ್ಲಿನ ಸಂಶೋಧಕರೂ ಹಾಗೇ ಬರೆಯುತ್ತಾರೆ.